ಅಪ್ಪ ದಿರಹಂ ಧಾರಣೆ ಕೇಳಿದ್ದು

ತಂಗಿಗೆ ಎಂಟು ತಿಂಗಳು ತುಂಬಿತ್ತು. ದುಬೈನಲ್ಲಿ ಗಂಡ ಹೆಂಡತಿ ಇಬ್ಬರೇ. ಬಾಣಂತನಕ್ಕೆ ಅವ್ವ ಹೋಗಲೇಬೇಕು. ಮಂಡ್ಯದಿಂದ ಧರ್ಮಸ್ಥಳ, ತಿರುಪತಿ ಬಿಟ್ಟರೆ ಬೇರೆ ಎಲ್ಲಿಗೂ ಹೋಗದ ಅವ್ವನನ್ನು ಒಬ್ಬಳನ್ನೇ ವಿಮಾನ ಹತ್ತಿಸೋಕೆ ಯಾರಿಗೂ ಧೈರ್ಯ ಬರಲಿಲ್ಲ. ಹಾಗಾಗಿ ಬಿಟ್ಟು ಬರೋಕೆ ನಾನೂ ಹತ್ತು ದಿನದ ಮಟ್ಟಿಗೆ ಹೊರಟೆ. ವೀಸಾ, ಟಿಕೆಟ್ ಎಲ್ಲಾ ಭಾವನೇ ಮಾಡಿಸಿ ಕಳಿಸಿದರು. ನಮ್ಮ ಪಾಲಿಗೆ ಉಳಿದಿದ್ದು ಒಂದೇ ಕೆಲಸ, ದುಡ್ಡು ಬದಲಾಯಿಸೋದು.

ಅದೇನು ಮಹಾ ಕೆಲಸ ಅಂದುಕೊಂಡಿದ್ದೆ. ಫೋನ್ ತೆಗೆದು ನೋಡಿದೆ. ಒಂದು ದಿರಹಂಗೆ 24 ರೂಪಾಯಿ 12 ಪೈಸೆ. ಎರಡು ಸಾವಿರ ದಿರಹಂ ತಗೊಂಡರೆ 48,240 ರೂಪಾಯಿ. ಒಂದು ಚೀಟಿಯಲ್ಲಿ ಬರೆದು ಅಪ್ಪನಿಗೆ ಕೊಟ್ಟೆ.

ನಮ್ಮ ಅಪ್ಪ ನಲವತ್ತು ವರ್ಷ ಬೆಲ್ಲ ಮಾರಿದವನು. ಸ್ವಂತ ಆಲೆಮನೆ ಇತ್ತು. ಕುರಿಕಾಟು ಬೆಲ್ಲ, ಬಕೆಟ್ ಬೆಲ್ಲ, ಅಚ್ಚು ಬೆಲ್ಲ ಎಲ್ಲಾ ಮಾಡಿ ಮಂಡ್ಯದ ಮಾರ್ಕೆಟ್ಟಿಗೆ ಹಾಕಿದವನು. ಚೀಟಿ ನೋಡಿದ. ಮಡಿಸಿ ಜೇಬಿಗೆ ಇಟ್ಟುಕೊಂಡ. "ಇದು ರೇಡಿಯೋ ಧಾರಣೆ ಕಣ್ಲಾ. ಕೈಗೆ ಬರೋ ಧಾರಣೆ ಕೇಳ್ಕೊಂಡ್ ಬಾ" ಎಂದ.

ರೇಡಿಯೋದಲ್ಲಿ ಪೇಟೆ ಧಾರಣೆ ಹೇಳುತ್ತಿದ್ದ ಕಾಲದಿಂದ ಅಪ್ಪನಿಗೆ ಈ ಮಾತು ರೂಢಿ. ರೇಡಿಯೋ ಬೆಲೆ ಕೇಳಿ ಗಾಡಿ ಕಟ್ಟಿಕೊಂಡು ಹೋದರೆ ಮಂಡಿಯಲ್ಲಿ ಅದೇ ಬೆಲೆ ಸಿಗುತ್ತಿರಲಿಲ್ಲ. ತೂಕ, ಹಮಾಲಿ, ದಲ್ಲಾಳಿ ಅಂತ ಕಳೆದು ಕೈಗೆ ಬರುವುದೇ ಬೇರೆ. ನಾನು ನಕ್ಕು ಸುಮ್ಮನಾದೆ. ಆಮೇಲೆ ಗೊತ್ತಾಯಿತು, ನಕ್ಕಿದ್ದು ತಪ್ಪು ಅಂತ.

ಫೋನಿನಲ್ಲಿ ಕಾಣುವ ಆ 24.12 ಯಾರ ಬೆಲೆಯೂ ಅಲ್ಲ. ದೊಡ್ಡ ಬ್ಯಾಂಕುಗಳು ತಮ್ಮ ತಮ್ಮಲ್ಲೇ ಕೋಟಿಗಟ್ಟಲೆ ವಹಿವಾಟು ಮಾಡುವಾಗ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡರ ನಡುವೆ ಬರುವ ಅಂಕಿ ಅದು. ನಮ್ಮ ಕೈಗೆ ನೋಟು ಕೊಡುವವನು ಆ ನೋಟನ್ನು ಎಲ್ಲಿಂದಲೋ ತರಿಸಬೇಕು. ವಿಮೆ ಮಾಡಿಸಬೇಕು. ಗಿರಾಕಿ ಬರುವವರೆಗೆ ಪೆಟ್ಟಿಗೆಯಲ್ಲಿ ಇಟ್ಟು ಕಾಯಬೇಕು. ಅಷ್ಟರಲ್ಲಿ ಬೆಲೆ ಇಳಿದರೆ ನಷ್ಟ ಅವನದೇ. ಮಳೆಗಾಲದಲ್ಲಿ ಬೆಲ್ಲ ದಾಸ್ತಾನು ಮಾಡಿದ ಹಾಗೆ.

ಮೊದಲು ನಮ್ಮ ಬ್ಯಾಂಕಿಗೇ ಹೋದೆ. ಅಲ್ಲಿದ್ದವರು ನೋಟು ಇಟ್ಟುಕೊಳ್ಳುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು, ನಾಲ್ಕೈದು ದಿನ ಆಗುತ್ತೆ ಎಂದರು. ಬೇಕಾದರೆ ಕಾರ್ಡಿಗೆ ದಿರಹಂ ತುಂಬಿಸಿಕೊಡುತ್ತೇವೆ, ಅದರ ರೇಟು ನೋಟಿಗಿಂತ ಕಮ್ಮಿ ಎಂದರು. ಅದು ನಿಜವೇ. ಕಾರ್ಡಿಗೆ ನೋಟು ಹೊತ್ತು ತರುವ ಖರ್ಚಿಲ್ಲವಲ್ಲ. ಆದರೆ ಅವ್ವ ಎರಡು ತಿಂಗಳು ಅಲ್ಲಿರುವವಳು. ಅವಳ ಕೈಗೆ ಕಾರ್ಡ್ ಕೊಟ್ಟು ಪಿನ್ ನಂಬರ್ ಹೇಳಿಕೊಡುವ ಬದಲು ಹತ್ತರ ನೋಟು ಕೊಡೋದೇ ವಾಸಿ ಅನಿಸಿತು.

ಮೈಸೂರಿಗೆ ಹೋಗುವುದು ಎಂದಾಯಿತು. ಬುಧವಾರ ಹೊರಟೆವು. ಶನಿವಾರ, ಭಾನುವಾರ ಹೋಗಬಾರದು ಎಂದು ಗೆಳೆಯನೊಬ್ಬ ಹೇಳಿದ್ದ. ಆ ಎರಡು ದಿನ ದೊಡ್ಡ ಮಾರುಕಟ್ಟೆ ಮುಚ್ಚಿರುತ್ತೆ. ಸೋಮವಾರ ಬೆಲೆ ಎಲ್ಲಿಗೆ ಹಾರುತ್ತೋ ಅಂತ ಅಂಗಡಿಯವರು ಒಂದಿಷ್ಟು ಜಾಸ್ತಿಯೇ ಹಿಡಿದಿರುತ್ತಾರೆ.

ಅಪ್ಪನನ್ನು ಕರೆದುಕೊಂಡು ಹೋಗುವ ಯೋಚನೆ ನನಗಿರಲಿಲ್ಲ. ಅವನೇ ಹೊರಟು ನಿಂತ. ಹೆಗಲ ಮೇಲೆ ಟವೆಲ್, ಕಂಕುಳಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಐವತ್ತು ಸಾವಿರ ನಗದು. ಜೊತೆಗೆ ಒಂದು ಹಳದಿ ಕವರು. ಅದರಲ್ಲಿ ನೂರು ಡಾಲರಿನ ಐದು ನೋಟು.

ಈ ಡಾಲರ್ ಕಥೆ ಹೇಳಬೇಕು. ಅವ್ವನ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ನಮ್ಮ ಮನೆ ಗೃಹಪ್ರವೇಶಕ್ಕೆ ಬಂದವನು ಮುಯ್ಯಿ ಅಂತ ಐನೂರು ಡಾಲರ್ ಇಟ್ಟು ಹೋಗಿದ್ದ. ಅವ್ವ ಅದನ್ನು ಖರ್ಚು ಮಾಡಲು ಬಿಟ್ಟಿರಲಿಲ್ಲ. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಅದರಲ್ಲಿ ಒಂದು ನೋಟು ಕಳಶದ ಮುಂದೆ ಕೂರುತ್ತಿತ್ತು. ಅರಿಶಿನ, ಕುಂಕುಮ, ಹೂವು ಎಲ್ಲಾ ಅದಕ್ಕೂ ಆಗುತ್ತಿತ್ತು. ಇದೆಲ್ಲಾ ಇಟ್ಟುಕೊಳ್ಳಬಹುದಾ ಅಂತ ನನಗೊಂದು ಅಳುಕಿತ್ತು. ವಿಚಾರಿಸಿದಾಗ, ಎರಡು ಸಾವಿರ ಡಾಲರ್ ವರೆಗಿನ ನೋಟು ಮನೆಯಲ್ಲಿ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಅವಕಾಶ ಇದೆ ಎಂದು ತಿಳಿಯಿತು. ಪ್ರವಾಸ ಮುಗಿಸಿ ತಂದದ್ದು ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ವಾಪಸ್ ಕೊಟ್ಟು ರೂಪಾಯಿ ಮಾಡಿಕೊಳ್ಳಬೇಕು.

ಬಸ್ಸು ಶ್ರೀರಂಗಪಟ್ಟಣ ದಾಟುವಾಗ ನಾನು ಅಪ್ಪನಿಗೆ ಕಂಠೀರಾಯ ಹಣದ ಕಥೆ ತೆಗೆದೆ. ರಣಧೀರ ಕಂಠೀರವ ಈ ಪಟ್ಟಣದಲ್ಲೇ ಟಂಕಸಾಲೆ ಇಟ್ಟು ಹೊಡೆಸಿದ ಪುಟ್ಟ ಚಿನ್ನದ ನಾಣ್ಯ ಅದು. ಆಗ ಊರೂರಿನ ನಾಣ್ಯ ಬೇರೆ ಬೇರೆ. ಅದನ್ನು ನೋಡಿ, ತೂಗಿ, ಬದಲಾಯಿಸಿ ಕೊಡುವವನೇ ಚಿನಿವಾರ. ಅವನು ಮುರಿದುಕೊಳ್ಳುವುದಕ್ಕೆ ವಟ್ಟ ಅಂತ ಹೆಸರು. ಈಗಲೂ ಪೇಪರಿನಲ್ಲಿ ಬಂಗಾರದ ಬೆಲೆಗೆ ಚಿನಿವಾರ ಪೇಟೆ ಅಂತ ಹಾಕುತ್ತಾರಲ್ಲ, ಆ ಪದ ಅಲ್ಲಿಂದಲೇ ಬಂದಿದ್ದು. ಅಪ್ಪ ಕಿಟಕಿ ಕಡೆ ನೋಡುತ್ತಾ, "ಹಂಗಾರೆ ಇವತ್ತು ವಟ್ಟ ಕಟ್ಟೋಕೆ ಹೊಂಟಿದೀವಿ ಅನ್ನು" ಎಂದ.

ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಾಫಿ ಕುಡಿದು ದೇವರಾಜ ಅರಸು ರಸ್ತೆ ಕಡೆ ನಡೆದೆವು. ದಾರಿಯಲ್ಲಿ ಒಬ್ಬ ಗಂಟುಬಿದ್ದ. ನಾವು ಯಾರನ್ನೋ ಅಂಗಡಿ ಎಲ್ಲಿ ಅಂತ ಕೇಳಿದ್ದು ಅವನ ಕಿವಿಗೆ ಬಿದ್ದಿತ್ತು. "ಪೇಪರ್ ಬೇಡ, ಬಿಲ್ ಬೇಡ ಸಾರ್. 24.30ಕ್ಕೆ ಕೊಡಿಸ್ತೀನಿ" ಎಂದ. ಅಪ್ಪನ ಕಾಲು ಅಲ್ಲೇ ನಿಂತಿತು. 24.30 ಅಂದರೆ ಒಳ್ಳೆ ಧಾರಣೆ ಅಲ್ವಾ! ನಾನು ತೋಳು ಹಿಡಿದು ಎಳೆದುಕೊಂಡು ಮುಂದೆ ಹೋದೆ. ಪರವಾನಗಿ ಇಲ್ಲದವನ ಹತ್ತಿರ ವಿದೇಶಿ ಹಣ ಕೊಂಡರೆ ಮಾರಿದವನದೂ ತಪ್ಪು, ಕೊಂಡವನದೂ ತಪ್ಪು. ವಿದೇಶಿ ಹಣದ ವಹಿವಾಟಿಗೆ ಇರುವ ಫೆಮಾ ಕಾಯ್ದೆಯಲ್ಲಿ ಆ ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ಅದಕ್ಕಿಂತ ಹೆಚ್ಚಾಗಿ, ಕೊಟ್ಟ ನೋಟು ಖೋಟಾ ಆಗಿದ್ದರೆ ದುಬೈ ಪೊಲೀಸರ ಮುಂದೆ ನಿಲ್ಲುವವಳು ನಮ್ಮವ್ವ. ಅದನ್ನು ಹೇಳಿದ ಮೇಲೆ ಅಪ್ಪ ಹಿಂತಿರುಗಿ ನೋಡಲಿಲ್ಲ.

ಮೊದಲನೇ ಅಂಗಡಿ ಗಾಜಿನ ಬಾಗಿಲು, ಏಸಿ, ಗೋಡೆ ಮೇಲೆ ಕೆಂಪು ಅಕ್ಷರದಲ್ಲಿ ಓಡುವ ರೇಟು. ಪಕ್ಕದಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಫ್ರೇಮ್ ಹಾಕಿ ತೂಗು ಹಾಕಿದ್ದರು. ಅದನ್ನು ನೋಡಿಯೇ ಒಳಗೆ ಹೋಗಬೇಕು. ದಿರಹಂ ಎಷ್ಟು ಎಂದೆ. ಹುಡುಗ ಬೋರ್ಡ್ ತೋರಿಸಿದ. 25.20. ಎರಡು ಸಾವಿರಕ್ಕೆ 50,400. ಅಷ್ಟೇ ಅಲ್ಲ, ಐವತ್ತು ಸಾವಿರ ದಾಟಿದರೆ ನಗದು ತಗೊಳ್ಳುವ ಹಾಗಿಲ್ಲ, ಚೆಕ್ಕೋ ಅಕೌಂಟಿನಿಂದಲೋ ಕೊಡಬೇಕು ಎಂದ. ಇವತ್ತು ಸ್ವಲ್ಪ ನಾಳೆ ಸ್ವಲ್ಪ ಅಂತ ತಗೊಂಡರೂ ಒಂದು ಪ್ರಯಾಣಕ್ಕೆ ಒಟ್ಟು ಲೆಕ್ಕ ಹಿಡಿಯುತ್ತಾರಂತೆ.

ಅಪ್ಪ ತನ್ನ ಚೀಲ ನೋಡಿಕೊಂಡ. ಆಮೇಲೆ ಬೋರ್ಡ್ ನೋಡಿದ. ಅಲ್ಲಿ ಪ್ರತಿ ದೇಶದ ಹೆಸರಿನ ಮುಂದೆ ಎರಡೆರಡು ಅಂಕಿ ಇದ್ದವು. ಡಾಲರ್ ಮುಂದೆ 86, ಪಕ್ಕದಲ್ಲಿ 91 ಚಿಲ್ಲರೆ.

"ಯಾವುದಪ್ಪ ಇದ್ರಲ್ಲಿ ದಿಟ?"

"86 ನಾವು ನಿಮ್ಮಿಂದ ಕೊಳ್ಳೋದು ಯಜಮಾನ್ರೇ. 91 ನಾವು ನಿಮಗೆ ಮಾರೋದು."

"ಒಂದೇ ನೋಟು, ಈ ಕಿಟಕೀಲಿ ಕೊಟ್ಟು ಅದೇ ಕಿಟಕೀಲಿ ಈಸ್ಕಂಡ್ರೆ ಐದು ರೂಪಾಯಿ ಹೋಯ್ತದೆ ಅಂತೀಯಾ?"

ಹುಡುಗ ನಕ್ಕು ಹೌದು ಎಂದ. ಅಪ್ಪ ಸಿಟ್ಟಾಗುತ್ತಾನೆ ಅಂದುಕೊಂಡೆ. ಆಗಲಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಇರುವುದರಲ್ಲೇ ತಾನೇ ಅವನೂ ನಲವತ್ತು ವರ್ಷ ಸಂಸಾರ ನಡೆಸಿದ್ದು. ಟವೆಲ್ ಕೊಡವಿಕೊಂಡು, "ಇನ್ನೊಂದ್ ಅಂಗ್ಡಿ ನೋಡಾನ ಬಾ" ಎಂದ.

ಗೋಕುಲಂ ಕಡೆಗೆ ಆಟೋ ಹಿಡಿದೆವು. ಅಲ್ಲಿಗೆ ಯೋಗ ಕಲಿಯೋಕೆ ದೇಶ ದೇಶದಿಂದ ಜನ ಬರುತ್ತಾರೆ. ಹೊರಗಿನ ದುಡ್ಡು ಬರುವ ಕಡೆ ಧಾರಣೆ ಸ್ವಲ್ಪ ಮೆದು ಇರಬಹುದು ಅನ್ನುವುದು ನನ್ನ ಊಹೆ. ದಾರಿಯಲ್ಲಿ ಅಪ್ಪನಿಗೆ ಹೇಳಿದೆ. ಈ ಊರಿನ ಮೇಟಗಳ್ಳಿಯಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಇದೆ. 1996ರಿಂದ ಇಲ್ಲಿ ನೋಟು ಅಚ್ಚಾಗುತ್ತೆ. ಆಮೇಲೆ ನೋಟಿನ ಕಾಗದದ ಕಾರ್ಖಾನೆಯೂ ಇಲ್ಲೇ ಬಂತು. 2022ರಲ್ಲಿ ವರ್ಣಿಕಾ ಅಂತ ನೋಟಿನ ಮಸಿ ಮಾಡುವ ಘಟಕವನ್ನೂ ಇಲ್ಲೇ ತೆರೆದರು. ಕಾಗದ, ಮಸಿ, ಅಚ್ಚು ಎಲ್ಲಾ ಇಲ್ಲೇ.

"ಅಚ್ಚು ಹಾಕೋ ಊರಲ್ಲೇ ನಮ್ಮ ನೋಟಿಗೆ ಬೆಲೆ ಇಲ್ವಲ್ಲೋ" ಎಂದ ಅಪ್ಪ. ಆಟೋದವರೂ ನಕ್ಕರು.

ಎರಡನೇ ಅಂಗಡಿ ಚಿಕ್ಕದು. ಒಂದು ಟೇಬಲ್, ಒಂದು ಕಬ್ಬಿಣದ ಪೆಟ್ಟಿಗೆ, ನೋಟು ಎಣಿಸುವ ಮಷೀನು, ಕಂಪ್ಯೂಟರ್ ಮುಂದೆ ಒಬ್ಬ ಹುಡುಗಿ. ಗೋಡೆ ಮೇಲೆ ಪರವಾನಗಿ ಇತ್ತು. ದಿರಹಂ 24.90 ಎಂದಳು. ನಾನು ಸರಿ ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಕುರ್ಚಿ ಎಳೆದು ಕೂತ.

"ಏನವ್ವಾ, ಎಲ್ಲಾ ಸೇರಿ ಎಷ್ಟು ಕೊಡಬೇಕು ನಾವು? ಬಿಡಿ ಬಿಡಿಯಾಗಿ ಹೇಳ್ಬೇಡ. ಒಟ್ಟು ಹೇಳು."

ಇಡೀ ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ನಾನು ರೇಟು ಒಂದನ್ನೇ ಹಿಡಿದುಕೊಂಡು ಅಲೆಯುತ್ತಿದ್ದೆ. ಕೆಲವು ಕಡೆ ರೇಟು ಚೆನ್ನಾಗಿರುತ್ತೆ, ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಇನ್ನೊಂದು ಸಾಲು ಇರುತ್ತೆ. ಕೆಲವು ಕಡೆ ಚಾರ್ಜ್ ಇಲ್ಲ ಅಂತ ಬೋರ್ಡ್ ಹಾಕಿ ರೇಟಿನೊಳಗೇ ಸೇರಿಸಿರುತ್ತಾರೆ. ಎರಡು ಸಾವಿರ ದಿರಹಂ ಕೈಗೆ ಬರಬೇಕಾದರೆ ನಮ್ಮ ಕೈಯಿಂದ ಹೋಗುವುದು ಎಷ್ಟು ಅಂತ ಕೇಳಿದರೆ ಎಲ್ಲಾ ಹೊರಗೆ ಬರುತ್ತೆ.

ಹುಡುಗಿ ಲೆಕ್ಕ ಹಾಕಿದಳು. ಅಪ್ಪ ಸುಮ್ಮನೆ ಕೂತಿದ್ದ. ಮಂಡಿಯಲ್ಲಿ ಹೀಗೆ ಸುಮ್ಮನೆ ಕೂರುವುದೇ ಒಂದು ವಿದ್ಯೆ. ಅವಳು ತಲೆ ಎತ್ತಿ ನೋಡಿದಳು. ಅಪ್ಪ ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಅವಳು ಯಾರಿಗೋ ಫೋನ್ ಮಾಡಿ, "24.75 ಹಾಕ್ತೀನಿ ಸಾರ್, ಅದಕ್ಕಿಂತ ಆಗಲ್ಲ" ಎಂದಳು. ಸರ್ವಿಸ್ ಚಾರ್ಜ್ ಇಲ್ಲ. ಒಟ್ಟು 49,500, ಮೇಲೆ ಜಿಎಸ್‌ಟಿ 89 ರೂಪಾಯಿ 10 ಪೈಸೆ.

"ದುಡ್ಡಿಗೂ ಜಿಎಸ್‌ಟಿನಾ?" ಅಪ್ಪನಿಗೆ ಇದು ಅರಗಲಿಲ್ಲ. ಹುಡುಗಿ ಸಮಾಧಾನವಾಗಿ ಬಿಡಿಸಿ ಹೇಳಿದಳು. ದುಡ್ಡಿಗಲ್ಲ, ಬದಲಾಯಿಸಿ ಕೊಡುವ ಕೆಲಸಕ್ಕೆ. ಒಂದು ಲಕ್ಷದವರೆಗಿನ ವಹಿವಾಟಿನಲ್ಲಿ ನೂರಕ್ಕೆ ಒಂದು ರೂಪಾಯಿ ಕೆಲಸದ ಬೆಲೆ ಅಂತ ಕಾನೂನೇ ಹಿಡಿಯುತ್ತೆ. ಅದು 250ಕ್ಕಿಂತ ಕಮ್ಮಿ ಆಗುವ ಹಾಗಿಲ್ಲ. ನಮ್ಮದು 49,500, ಅಂದರೆ 495 ರೂಪಾಯಿ. ಅದರ ಮೇಲೆ ಶೇಕಡಾ 18. ಎಷ್ಟೇ ಚಿಕ್ಕ ಮೊತ್ತ ಬದಲಾಯಿಸಿದರೂ 45 ರೂಪಾಯಿ ತಪ್ಪಿದ್ದಲ್ಲ.

ಫೋನಿನ ಬೆಲೆಗೂ ಇದಕ್ಕೂ ಒಟ್ಟು 1,349 ರೂಪಾಯಿ ವ್ಯತ್ಯಾಸ. ಮೊದಲನೇ ಅಂಗಡಿಗಿಂತ 900 ರೂಪಾಯಿ ಉಳಿತಾಯ. ಆಟೋಗೆ ಕೊಟ್ಟಿದ್ದು ಕಳೆದರೂ ಲಾಭವೇ.

ಆಮೇಲೆ ಅಪ್ಪ ಹಳದಿ ಕವರು ತೆಗೆದ. ಡಾಲರ್ ಕೊಟ್ಟು ಅದಕ್ಕೂ ದಿರಹಂ ತಗೊಂಡುಬಿಡೋಣ ಅನ್ನುವುದು ಅವನ ಯೋಚನೆ. ಹುಡುಗಿ ಐದೂ ನೋಟನ್ನು ಟೇಬಲ್ ಮೇಲೆ ಹರಡಿದಳು. ಒಂದೊಂದನ್ನೇ ಬೆರಳಿನಲ್ಲಿ ಸವರಿ, ದೀಪಕ್ಕೆ ಹಿಡಿದು, ನೇರಳೆ ಬೆಳಕಿನ ಕೆಳಗೆ ಇಟ್ಟಳು. ನಾಲ್ಕು ಆ ಕಡೆ ಹೋದವು. ಐದನೆಯದು ಅವಳ ಕೈಯಲ್ಲೇ ಉಳಿಯಿತು. ಫ್ರಾಂಕ್ಲಿನ್ ಮುಖದ ಪಕ್ಕದಲ್ಲಿ, ಬಿಳಿ ಜಾಗದಲ್ಲಿ, ಒಂದು ರೂಪಾಯಿ ಅಗಲದ ಕೆಂಪು ಕಲೆ. ಅಂಚಿನಲ್ಲಿ ಹಳದಿ.

"ಕುಂಕುಮ ಅಲ್ವಾ ಸಾರ್?"

"ಹೂಂ ಕಣವ್ವಾ. ಲಕ್ಷ್ಮಿ ಅಂತ ಇಟ್ಟಿದ್ಲು."

"ಇದು ಆಗಲ್ಲ ಸಾರ್. ನಾವು ತಗೊಂಡ್ರೆ ನಮ್ಮಿಂದ ಯಾರೂ ತಗೊಳ್ಳಲ್ಲ."

ಅಮೆರಿಕದವರು ತಮ್ಮ ಹಳೇ ನೋಟನ್ನು ರದ್ದು ಮಾಡುವುದೇ ಇಲ್ಲ. 1861ರಿಂದ ಸರ್ಕಾರ ಹೊರಡಿಸಿದ ನೋಟೆಲ್ಲಾ ಅಲ್ಲಿ ಈಗಲೂ ಚಲಾವಣೆ. ಆದರೆ ಅದು ಅಲ್ಲಿಯ ಮಾತು. ಇಲ್ಲಿ ಕಲೆ ಇರಬಾರದು, ಹರಿದಿರಬಾರದು, ಪೆನ್ನಿನ ಗೀಟು ಇರಬಾರದು, ರಬ್ಬರ್ ಸ್ಟಾಂಪ್ ಇರಬಾರದು. ತಲೆ ಚಿಕ್ಕದಾಗಿರುವ ಹಳೇ ಮಾದರಿ ಡಾಲರನ್ನೂ ಹಲವರು ಮುಟ್ಟುವುದಿಲ್ಲ. ಅಪ್ಪ ನೋಟನ್ನು ವಾಪಸ್ ತಗೊಂಡು ಕಣ್ಣಿಗೆ ಒತ್ತಿಕೊಂಡು ಕವರಿಗೆ ಹಾಕಿದ. ಅಂಗಡಿಯಲ್ಲಿ ಬೇಡವಾಗಿದ್ದಕ್ಕೆ ಅದರ ಪೂಜೆ ನಿಲ್ಲುತ್ತಾ?

ಉಳಿದ ನಾಲ್ಕಕ್ಕೆ ಲೆಕ್ಕ ಹಾಕಿದೆವು. ಡಾಲರಿಗೆ 87ರಂತೆ 34,800 ರೂಪಾಯಿ. ಅದನ್ನು 24.75ರಂತೆ ದಿರಹಂ ಮಾಡಿದರೆ 1,406. ಎರಡೂ ಕಡೆ ಜಿಎಸ್‌ಟಿ ಬೇರೆ. ನಾನು ಸರಿ ಎಂದುಬಿಡುತ್ತಿದ್ದೆ. ಆದರೆ ಹುಡುಗಿಯೇ, ಪುಣ್ಯಾತ್ಗಿತ್ತಿ, ತನ್ನ ವ್ಯಾಪಾರ ಬಿಟ್ಟು ಹೇಳಿದಳು. "ಡಾಲರ್ ಹಾಗೇ ತಗೊಂಡು ಹೋಗಿ ಸಾರ್. ಅಲ್ಲೇ ಬದಲಾಯಿಸಿ."

ಕಾರಣ ಇದೆ. ದಿರಹಂ ಡಾಲರಿಗೆ ಕಟ್ಟಿಹಾಕಿದ ಹಣ. ಒಂದು ಡಾಲರಿಗೆ 3.6725 ದಿರಹಂ, 1997ರಿಂದ ಇದೇ. ಡಾಲರ್ ಏರಿದರೆ ಅದೂ ಏರುತ್ತೆ, ಇಳಿದರೆ ಇಳಿಯುತ್ತೆ, ಎತ್ತಿನ ಹಿಂದೆ ಗಾಡಿ ಹೋದ ಹಾಗೆ. ಹಾಗಾಗಿ ಅಲ್ಲಿ ಡಾಲರ್ ಕೊಟ್ಟರೆ ಅಂಗಡಿಯವರು ಮುರಿದುಕೊಳ್ಳುವುದು ತೀರಾ ಕಮ್ಮಿ. ಇಲ್ಲಿ ಡಾಲರಿನಿಂದ ರೂಪಾಯಿಗೆ ಒಂದು ಸಲ, ರೂಪಾಯಿಯಿಂದ ದಿರಹಂಗೆ ಇನ್ನೊಂದು ಸಲ, ಎರಡು ಸಲ ವಟ್ಟ ಕಟ್ಟಬೇಕು.

ಅಪ್ಪ ಅವಳಿಗೆ ಕೈ ಮುಗಿದ. "ಮುಂದಿನ್ ಸಲ ಬರುವಾಗ ಅಚ್ಚು ಬೆಲ್ಲ ತಂದ್ಕೊಡ್ತೀನಿ ಕಣವ್ವಾ" ಎಂದ.

ಕಾಗದದ ಕೆಲಸ ಅರ್ಧ ಗಂಟೆ ಹಿಡಿಯಿತು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಎಲ್ಲದರ ಜೆರಾಕ್ಸ್. ಪ್ಯಾನ್ ಇಲ್ಲದೆ ಆಗುವುದೇ ಇಲ್ಲ. ಅವ್ವನ ಹತ್ತಿರ ಪ್ಯಾನ್ ಇರಲಿಲ್ಲ, ಹಾಗಾಗಿ ಎಲ್ಲಾ ನನ್ನ ಹೆಸರಿನಲ್ಲೇ. ಎ2 ಅಂತ ಒಂದು ಫಾರಂ. ಯಾವ ಕಾರಣಕ್ಕೆ ಹಣ, ಈ ವರ್ಷ ಇಲ್ಲಿಯವರೆಗೆ ಎಷ್ಟು ಹೊರಗೆ ಕಳಿಸಿದ್ದೀರಿ ಎಂದೆಲ್ಲಾ ಬರೆದು ಸಹಿ ಹಾಕಬೇಕು. ವರ್ಷಕ್ಕೆ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ಮಿತಿ ಎಂದು ಓದಿ ಅಪ್ಪನಿಗೆ ಹೇಳಿದೆ. "ಅಷ್ಟರಲ್ಲೇ ನಿಲ್ಸು" ಎಂದ. ಹತ್ತು ಲಕ್ಷ ರೂಪಾಯಿ ದಾಟಿದರೆ ಟಿಸಿಎಸ್ ಅಂತ ತೆರಿಗೆ ಮುರಿಯುತ್ತಾರೆ. ನಮಗೆ ಅದರ ಚಿಂತೆ ಇರಲಿಲ್ಲ. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ ಮೂರು ಸಾವಿರ ಡಾಲರಿನಷ್ಟೇ ಸಿಗುವುದು, ಉಳಿದದ್ದು ಕಾರ್ಡಿನಲ್ಲಿ.

ನೋಟು ಕೊಡುವಾಗ ಅವಳು ನಾಲ್ಕು ಐನೂರರ ನೋಟು ತೆಗೆದಳು. ಬೇಡ, ಚಿಲ್ಲರೆ ಕೊಡಿ ಎಂದೆ. ಎರಡು ಐನೂರು, ಐದು ನೂರು, ಆರು ಐವತ್ತು, ಹತ್ತು ಇಪ್ಪತ್ತು. ಅಲ್ಲಿ ಇಳಿದ ಮೇಲೆ ನೀರಿನ ಬಾಟಲಿಗೆ ಐನೂರರ ನೋಟು ಕೊಡೋಕಾಗಲ್ಲ ಅಲ್ವಾ. ಅಪ್ಪ ಐನೂರರ ನೋಟನ್ನು ತಿರುಗಿಸಿ ನೋಡಿದ. ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಇಂಗ್ಲಿಷು, ಮೇಲೆ ಒಂದು ಗಿಡುಗ. "ನಮ್ ನೋಟ್ನಲ್ಲಿ ಕನ್ನಡ ಐತಲ್ಲ, ಇವ್ರು ಹಾಕಿಲ್ವಲ್ಲ" ಎಂದ. ಹುಡುಗಿಗೆ ನಗು ತಡೆಯಲಾಗಲಿಲ್ಲ. ಎಣಿಸುವ ಮಷೀನಿನಲ್ಲಿ ಒಂದು ಸಲ, ಅಪ್ಪನ ಎಂಜಲು ಬೆರಳಿನಲ್ಲಿ ಎರಡು ಸಲ ಎಣಿಕೆ ಆಯಿತು. ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡೆ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ ತೋರಿಸೋಕೆ ಅದೇ ದಾಖಲೆ.

ಅವ್ವ ತನ್ನ ಗಂಟಿನಲ್ಲಿ ಐದು ಸಾವಿರ ರೂಪಾಯಿ ಬೇರೆ ಕಟ್ಟಿಕೊಂಡಿದ್ದಳು. ಅದು ತೊಂದರೆ ಇಲ್ಲ. ನಮ್ಮ ರೂಪಾಯಿಯನ್ನು 25,000ದವರೆಗೆ ಜೊತೆಗೆ ಒಯ್ಯಬಹುದು. ನಾನು ವಾಪಸ್ ಬಂದು ಬೆಂಗಳೂರಿನಲ್ಲಿ ಇಳಿದಾಗ ಬಸ್ಸಿಗೆ ಆಗಿದ್ದು ಆ ಗಂಟಿನ ದುಡ್ಡೇ.

ದುಬೈನಲ್ಲಿ ಎರಡನೇ ದಿನ ನಾನು ಒಂದು ಮೂರ್ಖ ಕೆಲಸ ಮಾಡಿದೆ. ಮಗುವಿಗೆ ಬೇಕಾದ ಸಾಮಾನು ತರಲು ಅಂಗಡಿಗೆ ಹೋಗಿದ್ದೆ. 212 ದಿರಹಂ ಆಯಿತು. ನಗದು ಮನೆಯಲ್ಲಿ ಬಿಟ್ಟು ಬಂದಿದ್ದೆ. ನಮ್ಮೂರಿನ ಬ್ಯಾಂಕ್ ಕಾರ್ಡ್ ಕೊಟ್ಟೆ. ಮಷೀನು ಕೇಳಿತು, ದಿರಹಮ್ಮಾ, ರೂಪಾಯಿಯಾ? ನಮ್ಮದು ಅನ್ನುವ ಅಭಿಮಾನದಲ್ಲಿ ರೂಪಾಯಿ ಒತ್ತಿದೆ. 5,512 ರೂಪಾಯಿ ಹೋಯಿತು. ದಿರಹಂಗೆ 26 ರೂಪಾಯಿ! ದಿರಹಂ ಒತ್ತಿದ್ದರೆ, ನಮ್ಮ ಬ್ಯಾಂಕು ಮೇಲೆ ಹಾಕುವ ಮೂರೂವರೆ ಪರ್ಸೆಂಟ್, ಅದರ ಜಿಎಸ್‌ಟಿ ಎಲ್ಲಾ ಸೇರಿದರೂ 5,325ರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ರೂಪಾಯಿ ಒತ್ತಿದರೆ ಬದಲಾವಣೆಯ ಬೆಲೆಯನ್ನು ಆ ಮಷೀನಿನ ಕಡೆಯವರೇ ಇಡುತ್ತಾರೆ. ಅವರಿಗೆ ಬೇಕಾದಷ್ಟು ಇಡುತ್ತಾರೆ. ಕೆಲವು ಬ್ಯಾಂಕುಗಳು ಅದರ ಮೇಲೂ ಚಾರ್ಜ್ ಹಾಕುತ್ತವೆ. ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಡಾಲರ್ ಬದಲಾಯಿಸಿದ್ದು ದೇರಾ ಕಡೆಯ ಒಂದು ಎಕ್ಸ್‌ಚೇಂಜ್ ಅಂಗಡಿಯಲ್ಲಿ. ಕಿಟಕಿ ಹಿಂದೆ ಕೂತಿದ್ದವರು ಕುಂದಾಪುರ ಕಡೆಯವರು. ನಾನೂ ಅವ್ವನೂ ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿ, "ಕನ್ನಡದವರಾ?" ಎಂದರು. ಡಾಲರಿಗೆ 3.65. ನಾಲ್ಕು ನೋಟಿಗೆ 1,460 ದಿರಹಂ ಎಣಿಸಿ ಕೊಟ್ಟರು. ಮೈಸೂರಿನ ಲೆಕ್ಕಕ್ಕಿಂತ 54 ದಿರಹಂ ಜಾಸ್ತಿ. ನಮ್ಮ ದುಡ್ಡಿನಲ್ಲಿ 1,300 ರೂಪಾಯಿ.

ಕುಂಕುಮದ ನೋಟನ್ನೂ ಚಾಚಿದೆ. ಅವರು ಮಷೀನಿಗೆ ಹಾಕಿದರು. ವಾಪಸ್ ಬಂತು. ತಿರುಗಿಸಿ ಹಾಕಿದರು. ಮತ್ತೆ ವಾಪಸ್. ಮೂಗಿನ ಹತ್ತಿರ ಹಿಡಿದು ನಕ್ಕರು. "ಅಮ್ಮಾ, ಇದಕ್ಕೆ ಇನ್ನೂ ಕರ್ಪೂರದ ವಾಸನೆ ಉಂಟು. ಮನೆಯಲ್ಲೇ ಇರಲಿ" ಎಂದರು. ಅವ್ವನಿಗೆ ಒಳಗೊಳಗೇ ಖುಷಿಯೇ ಆಯಿತು ಅಂತ ಕಾಣುತ್ತೆ.

ಗಿರಾಕಿ ಇರಲಿಲ್ಲ. ಅವರು ಮಾತಿಗೆ ನಿಂತರು. ಒಂದು ಕಾಲದಲ್ಲಿ ಈ ಊರಿನಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ ಗೊತ್ತಾ ಎಂದರು. ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ನೋಡಿದೆ, ನಿಜ. ಇಲ್ಲಿಯ ಜನ ರೂಪಾಯಿ ಕೊಟ್ಟು ಚಿನ್ನ ಕೊಳ್ಳುವುದು, ಆ ಚಿನ್ನ ಕಳ್ಳಸಾಗಣೆಯಲ್ಲಿ ಭಾರತಕ್ಕೆ ಹೋಗುವುದು, ಭಾರತದ ವಿದೇಶಿ ವಿನಿಮಯ ಬರಿದಾಗುವುದು ಹೀಗೆ ನಡೆಯುತ್ತಿತ್ತು. ಅದನ್ನು ತಡೆಯಲು ರಿಸರ್ವ್ ಬ್ಯಾಂಕು 1959ರಲ್ಲಿ ಗಲ್ಫ್ ರೂಪಾಯಿ ಅಂತ ಬೇರೆ ಬಣ್ಣದ ನೋಟನ್ನೇ ಹೊರಡಿಸಿತು. ಅದು ಈ ಕಡೆಯ ದೇಶಗಳಲ್ಲಿ ಮಾತ್ರ ನಡೆಯಬೇಕು. 1966ರ ಜೂನ್ 6ರಂದು ಭಾರತ ರೂಪಾಯಿ ಬೆಲೆ ಇಳಿಸಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಏಳೂವರೆ ಆಯಿತು. ಅದಾದ ಮೇಲೆ ಇವರು ನಮ್ಮ ರೂಪಾಯಿ ಕೈಬಿಟ್ಟರು. ದಿರಹಂ ಬಂದದ್ದು 1973ರಲ್ಲಿ.

ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಆಗ ನಾನು ಮೂರನೇ ಕ್ಲಾಸು. ಆಗ್ಲೇ ಹೋಗಿದ್ರೆ ಚೀಟಿ ಬರೆಯೋದೇ ಬೇಕಿರ್ಲಿಲ್ಲ" ಎಂದ.

ಹತ್ತು ದಿನ ಕಳೆಯಿತು. ಮಗು ಹುಟ್ಟಿತು, ಹೆಣ್ಣು. ಅವ್ವನ ಕೈಗೆ ಬೇಕಾದಷ್ಟು ಕೊಟ್ಟು ನಾನು ಹೊರಟೆ. ನನ್ನ ಹತ್ತಿರ 300 ದಿರಹಂ ನೋಟು ಉಳಿದಿತ್ತು, ಜೊತೆಗೆ ಒಂದು ಹಿಡಿ ನಾಣ್ಯ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ರೇಟು ನೋಡಿ ಬೇಡ ಅನಿಸಿತು. ನಿಲ್ದಾಣದ ಅಂಗಡಿಗೆ ಗಿರಾಕಿ ಬೇರೆ ದಾರಿ ಇಲ್ಲದೆ ಬಂದವನು ಅಂತ ಗೊತ್ತಿರುತ್ತೆ.

ಮುಂದಿನ ವಾರ ಅಪ್ಪನೂ ನಾನೂ ಮತ್ತೆ ಗೋಕುಲಂ ಅಂಗಡಿಗೆ ಹೋದೆವು. ಅಪ್ಪನ ಚೀಲದಲ್ಲಿ ಈ ಸಲ ಎರಡು ಕೆಜಿ ಅಚ್ಚು ಬೆಲ್ಲ. ಹುಡುಗಿ ಬೆಲ್ಲ ತಗೊಂಡಳು, ದಿರಹಂಗೆ ಮಾತ್ರ 23.30 ಎಂದಳು. ಅಪ್ಪ ಕ್ಯಾಲೆಂಡರ್ ನೋಡಿದ. ಈ ಸಲ ಅದು ಕೆಲಸ ಮಾಡಲಿಲ್ಲ. 6,990 ರೂಪಾಯಿ, ಕಳೆ 45, ಕೈಗೆ 6,945. ನಾಣ್ಯವನ್ನು ಅವಳು ಮುಟ್ಟಲೂ ಇಲ್ಲ. ನಾಣ್ಯ ಯಾರೂ ತಗೊಳ್ಳುವುದಿಲ್ಲ ಸಾರ್, ಅಲ್ಲೇ ಖರ್ಚು ಮಾಡಿ ಬರಬೇಕಿತ್ತು ಎಂದಳು.

ಮನೆಗೆ ಬಂದು ಅಪ್ಪ ನಾಣ್ಯಗಳನ್ನು ಚಾಪೆ ಮೇಲೆ ಸುರಿದುಕೊಂಡ. ಒಂದು ದಿರಹಂ ನಾಣ್ಯದ ಮೇಲೆ ಅರಬ್ಬರ ಕಾಫಿ ಹೂಜಿ ಇದೆ. "ನಮ್ ಕೂಜಾ ಇದ್ದಂಗೇ ಐತೆ" ಎಂದು ಒಂದನ್ನು ಮೊಮ್ಮಗಳಿಗೆ ಅಂತ ಬೇರೆ ಇಟ್ಟ. ಉಳಿದವು ಅಡುಗೆ ಮನೆಯ ಸಾಸಿವೆ ಡಬ್ಬದ ಪಕ್ಕದ ಲೋಟಕ್ಕೆ ಹೋದವು.

ಆಮೇಲೆ ಬೆಲ್ಲದ ಲೆಕ್ಕದ ಪುಸ್ತಕ ತೆಗೆದ. ಕನ್ನಡಕ ಹಾಕಿಕೊಂಡು, ನನ್ನ ಆ ಮೊದಲನೇ ಚೀಟಿಯನ್ನೂ ಪಕ್ಕದಲ್ಲಿ ಬಿಡಿಸಿ ಇಟ್ಟುಕೊಂಡು, ಒಂದೊಂದೇ ಸಾಲು ಬರೆದ. ದಿರಹಂ ಬಾಬ್ತು ವಟ್ಟ, ಇಷ್ಟು. ಜಿಎಸ್‌ಟಿ, ಇಷ್ಟು. ಆಟೋ, ಇಷ್ಟು. ಬೆಲ್ಲ 2 ಕೆಜಿ, ಮುಯ್ಯಿ. ಕೊನೆಗೆ ಕೆಂಪು ಪೆನ್ನು ಕೇಳಿ ಈಸಿಕೊಂಡು ಬರೆದ. ಕುಂಕುಮದ ಡಾಲರ್ 1, ಬಾಕಿ.